ಅರವತ್ತೇಳನೇ ವಯಸ್ಸಿನಲ್ಲಿ ಬೆಳೆದ ದೋನ್ ತಿಬೂರ್ಸಿಯೊ

ನಮ್ಮ ಸಾನ್ ದಾಮಿಯಾನ್‌ನಲ್ಲಿ ಒಬ್ಬ ಗಂಡಸಿಗೆ ಮರ್ಯಾದೆ ಕೊಡುವ ಮೊದಲು ಅವನ ಭುಜ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾರೆ. ತಲೆ ಎಷ್ಟು ಎತ್ತರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ತಲೆಯ ಉಪಯೋಗ ನಮ್ಮೂರಲ್ಲಿ ಮೊದಲಿನಿಂದಲೂ ಕಡಿಮೆ.

ಶುಭ ಶುಕ್ರವಾರದ ಬೆಳಿಗ್ಗೆ ಶಿಲುಬೆ ಹೊತ್ತ ಯೇಸುಸ್ವಾಮಿಯ ಪಲ್ಲಕ್ಕಿ ಹೊರಡುತ್ತದಲ್ಲ, ಅದಕ್ಕೆ ಒಂದು ಸಲಕ್ಕೆ ನಲವತ್ತು ಭುಜ ಬೇಕು. ನಲವತ್ತೂ ಒಂದೇ ಮಟ್ಟದಲ್ಲಿರಬೇಕು. ಒಬ್ಬ ಎತ್ತರ ಒಬ್ಬ ಗಿಡ್ಡ ಆದರೆ ಎತ್ತರದವನ ಎಲುಬು ಮುರಿಯುತ್ತದೆ, ಗಿಡ್ಡನಿಗೆ ಭಾರ ತಾಗುವುದೇ ಇಲ್ಲ, ಮೇಲೆ ಸ್ವಾಮಿ ಕುಡುಕನ ಹಾಗೆ ಓಲಾಡುತ್ತಾನೆ. ಆದ್ದರಿಂದ, ಶುಭ ಶುಕ್ರವಾರಕ್ಕೆ ಸುಮಾರು ಆರು ವಾರ ಮುಂಚೆ ಶುರುವಾಗುವ ತಪಸ್ಸುಕಾಲದ ಮೊದಲ ಭಾನುವಾರ ಚರ್ಚಿನ ಹಜಾರದಲ್ಲಿ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಭುಜ ಅಳೆಯುತ್ತಾರೆ. ಹೊರುವಾಗ ಬೂಟು ಹಾಕಿರುತ್ತೇವಾದ್ದರಿಂದ ಅಳತೆಯೂ ಬೂಟಿನ ಸಮೇತ. ಅತಿ ಎತ್ತರದವರಿಗೆ ಮೊದಲ ಸರದಿ. ಚರ್ಚಿನ ಬಾಗಿಲು ದಾಟಿಸುವ ಗೌರವ, ಬ್ಯಾಂಡು, ಧೂಪ, ಅಳುವ ಹೆಂಗಸರು ಎಲ್ಲ ಅವರಿಗೆ. ಅಲ್ಲಿಂದ ಬೀದಿಗೊಂದು ಸರದಿ, ಇಳಿಯುತ್ತಾ ಇಳಿಯುತ್ತಾ ಹದಿನಾಲ್ಕನೆಯದು ಗಿಡ್ಡರದ್ದು. ನಾನು ಹದಿನಾಲ್ಕನೆಯವನು. ನಮ್ಮ ಸರದಿ ಬರುವ ಹೊತ್ತಿಗೆ ಬ್ಯಾಂಡಿನವರು ಊಟಕ್ಕೆ ಹೋಗಿರುತ್ತಾರೆ. ದೇವರ ಮುಂದೆ ಎಲ್ಲರೂ ಸಮ ಎಂದು ಫಾದರ್ ಅನ್ಸೆಲ್ಮೊ ಪ್ರತಿ ಭಾನುವಾರ ಹೇಳುತ್ತಾರೆ. ಹಿಂದಿನ ಬೆಂಚಿನಿಂದ ನನಗೆ ಫಾದರ್ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ.

ನಾನು ಚಪ್ಪಲಿ ಹೊಲಿಯುವವನು. ಹೆಸರು ನೀಕೊ. ತಪಸ್ಸುಕಾಲ ಶುರುವಾಗುವುದಕ್ಕೆ ಒಂದು ವಾರ ಇರುವಾಗ ಕ್ಷೌರದಂಗಡಿಯ ದೋನ್ ತಿಬೂರ್ಸಿಯೊ ನನ್ನ ಅಂಗಡಿಗೆ ಬಂದ. ಆಚೆ ಈಚೆ ನೋಡಿದ.

"ನೀಕೊ, ಬಾಗಿಲು ಹಾಕು."

"ಬಾಗಿಲೇ ಇಲ್ಲ ದೋನ್ ತಿಬು. ಗೋಣಿತಟ್ಟು ಇದೆ."

"ಹಾಗಾದ್ರೆ ಗೋಣಿತಟ್ಟು ಇಳಿಬಿಡು."

ಇಳಿಬಿಟ್ಟೆ. ಕತ್ತಲಾಯಿತು. ಒಬ್ಬರಿಗೊಬ್ಬರು ಕಾಣದಂತಾದೆವು. ಮತ್ತೆ ಎತ್ತಿದೆ.

"ಕಾಲು ನೋವಾ?"

"ಕಾಲು ಚೆನ್ನಾಗಿದೆ. ಭುಜ ಇಳಿದಿದೆ."

"ಭುಜಕ್ಕೆ ಬೂಟು ಹೊಲಿಯೋದು ನಂಗೆ ಬರಲ್ಲ."

"ತಮಾಷೆ ಮಾಡ್ಬೇಡ ಕಣೋ. ಮೊದಲನೇ ಸರದಿಗೆ ನೂರ ನಲವತ್ತೈದು ಸೆಂಟಿಮೀಟರು ಬೇಕು. ಹೋದ ವರ್ಷ ಸರಿಯಾಗಿ ನೂರ ನಲವತ್ತೈದಿದ್ದೆ. ನಿನ್ನೆ ಅಂಗಡಿ ಬಾಗಿಲಿಗೆ ನಿಂತು ಗೀಟು ಹಾಕಿದೆ. ನೂರ ನಲವತ್ಮೂರು!" ಬೆರಳುಗಳ ನಡುವೆ ಎರಡು ಸೆಂಟಿಮೀಟರು ಹಿಡಿದು ತೋರಿಸಿದ. "ವಯಸ್ಸಿಗೆ ಮನುಷ್ಯ ಕುಗ್ತಾನೆ ಅಂತಾರೆ. ಬೇರೆಯವರು ಕುಗ್ತಾರೆ ಅಂದ್ಕೊಂಡಿದ್ದೆ."

"ಎರಡು ಸೆಂಟಿಮೀಟರಿಗೆ ಇಷ್ಟು ಗೋಳಾ? ನಮ್ಮ ಹದಿನಾಲ್ಕನೇ ಸರದಿಗೇನೂ ಬರಲ್ವಲ್ಲ. ಐದನೇದ್ರಲ್ಲಿ ಹೊರಿ."

"ಐದನೇದು ಎಲ್ಲಿ ಬರುತ್ತೆ ಗೊತ್ತಾ? ಗಿರಣಿ ಹಿಂದೆ. ಅಲ್ಲೊಂದು ಗೋಡೆ, ಒಂದು ಚರಂಡಿ." ನನ್ನ ಉಳಿಯೊಂದನ್ನು ಎತ್ತಿ ನೋಡಿ ಮತ್ತೆ ಇಟ್ಟ. "ಮೊದಲನೇ ಸರದಿ ನಮ್ಮನೆ ಮುಂದೆ ಹೋಗುತ್ತೆ. ಒದೀಲಿಯಾ ಕಿಟಕೀಲಿ ಕೂತಿರ್ತಾಳೆ."

ದೋನ್ಯಾ ಒದೀಲಿಯಾ ಆತನ ಹೆಂಡತಿ; ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ದೋನ್, ಹೆಂಗಸರನ್ನು ದೋನ್ಯಾ ಎನ್ನುತ್ತೇವೆ. ಮೂರು ವರ್ಷದಿಂದ ಮೊಣಕಾಲು ಎರಡೂ ಕೈಕೊಟ್ಟಿವೆ. ಹಾಸಿಗೆಯಿಂದ ಕಿಟಕಿ, ಕಿಟಕಿಯಿಂದ ಹಾಸಿಗೆ. ಎತ್ತಿಕೊಂಡು ಹೋಗುತ್ತೇವೆ ಎಂದರೆ, "ನಾನೇನು ಜೋಳದ ಮೂಟೆಯಾ?" ಎಂದು ಬೆತ್ತ ಎತ್ತುತ್ತಾಳೆ. ವರ್ಷಕ್ಕೊಂದು ದಿನ ಆ ಕಿಟಕಿಯ ಮುಂದೆ ಗಂಡ ಸ್ವಾಮಿಯನ್ನು ಹೊತ್ತು ಹೋಗುತ್ತಾನೆ. ಅಷ್ಟು ಹಬ್ಬ ಆಕೆಗೆ.

ನನಗೆ ಸಿಟ್ಟು ಬೇಗ ಬರುತ್ತದೆ. ಇಂಥ ವಿಷಯ ಕೇಳಿದರೆ ಇನ್ನೂ ಬೇಗ. ಎರಡು ಸೆಂಟಿಮೀಟರಿನ ನಿಯಮ ಮಾಡಿದವನ ಮೇಲೆ ಬಂದ ಸಿಟ್ಟಿನಲ್ಲಿ ನಾಲ್ಕು ಸೆಂಟಿಮೀಟರಿನ ಬೆಂಡು ಕತ್ತರಿಸಿ ಬೂಟಿನೊಳಗೆ ಕೂರಿಸಿದೆ. ಹೊರಗಿನಿಂದ ಏನೂ ಕಾಣದ ಹಾಗೆ ಬೂಟಿನ ಕತ್ತು ಏರಿಸಿ ಹೊಲಿದೆ. ಒಳ್ಳೆಯ ಕೆಲಸ. ನಾನೇ ಹೇಳಿಕೊಳ್ಳಬೇಕು, ಯಾಕೆಂದರೆ ಬೇರೆ ಯಾರಿಗೂ ಹೇಳುವ ಹಾಗಿರಲಿಲ್ಲ.

ಅಷ್ಟಕ್ಕೆ ನಿಂತಿದ್ದರೆ ನೂರ ನಲವತ್ತೇಳು. ಕಥೆಯೇ ಇರುತ್ತಿರಲಿಲ್ಲ. ಆದರೆ ದೋನ್ ತಿಬೂರ್ಸಿಯೊಗೆ ಈಗಿನ ಹುಡುಗರ ಕೆಲಸದಲ್ಲಿ ನಂಬಿಕೆಯಿಲ್ಲ. ಬೆಂಡು ತುಳಿತಕ್ಕೆ ತಗ್ಗಿಬಿಟ್ಟರೆ ಎಂದು ಮನೆಯಲ್ಲಿ ಒಂದು ಸೆಂಟಿಮೀಟರು ಕಾಗದ ಮಡಚಿ ಹಾಕಿದ. ಅತ್ತ ದೋನ್ಯಾ ಒದೀಲಿಯಾ ಗಂಡ ಓಲಾಡಿಕೊಂಡು ನಡೆಯುವುದನ್ನು ನೋಡಿ, ಪಾಪ, ಹೊಸ ಬೂಟು ಸಡಿಲವಾಗಿದೆ ಎಂದುಕೊಂಡು, ಆತ ಮಲಗಿದ್ದಾಗ ಎರಡು ಸೆಂಟಿಮೀಟರು ದಪ್ಪದ ಉಣ್ಣೆಯ ಮೆತ್ತೆ ತುರುಕಿಟ್ಟಳು. ಗಂಡ ಹೆಂಡತಿಗೆ ಹೇಳಲಿಲ್ಲ, ಹೆಂಡತಿ ಗಂಡನಿಗೆ ಹೇಳಲಿಲ್ಲ. ನಲವತ್ತು ವರ್ಷದ ಸುಖ ಸಂಸಾರ.

ಭಾನುವಾರ ಹಜಾರದಲ್ಲಿ ಅಳೆಯುವವನು ದೋನ್ ಫೆರ್ಮಿನ್. ಪಲ್ಲಕ್ಕಿ ಹೊರುವವರ ಸಂಘದ ಹಿರಿಯ. ಮೆರವಣಿಗೆಯ ಮುಂದೆ ಬೆಳ್ಳಿಕಟ್ಟಿನ ದಂಡ ಹಿಡಿದು ನಡೆಯುವವನು. ಅಳತೆಕೋಲು ಆತನ ಅಜ್ಜ ಕಡೆದದ್ದು. ಅದನ್ನು ಆತ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳುತ್ತಾನೆ, ಹೆಂಡತಿಗೂ ಮುಟ್ಟಗೊಡುವುದಿಲ್ಲ. ಹಿಂದೆ ಈತನೂ ತಿಬೂರ್ಸಿಯೊನೂ ಒಂದೇ ತಟ್ಟೆಯಲ್ಲಿ ಉಂಡವರು. ಫೆರ್ಮಿನ್‌ನ ಮಗಳಿಗೆ ಜ್ಞಾನಸ್ನಾನದ ತಾಯಿ ದೋನ್ಯಾ ಒದೀಲಿಯಾ. ಹನ್ನೊಂದು ವರ್ಷದ ಹಿಂದೆ ಹಬ್ಬದ ಮುನ್ನಾದಿನ ತಿಬೂರ್ಸಿಯೊ ಮಾತಿನ ಭರದಲ್ಲಿ ಫೆರ್ಮಿನ್‌ನ ಮೀಸೆಯನ್ನು ಎಡಗಡೆ ಅರ್ಧ ಬೆರಳು ಹೆಚ್ಚು ಕತ್ತರಿಸಿಬಿಟ್ಟ. ಊರಿಗೆಲ್ಲ ಅಳತೆ ಹೇಳುವವನ ಮೀಸೆ ಅಳತೆ ತಪ್ಪಿತು. ಅಂದಿನಿಂದ ಮಾತಿಲ್ಲ. ಫೆರ್ಮಿನ್ ಕ್ಷೌರಕ್ಕೆ ಪಕ್ಕದೂರಿಗೆ ಬಸ್ಸಿನಲ್ಲಿ ಹೋಗುತ್ತಾನೆ.

ತಿಬೂರ್ಸಿಯೊ ಗೋಡೆಗೆ ನಿಂತ. ಫೆರ್ಮಿನ್ ಕೋಲು ಹಿಡಿದ. ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ನೂರ ಐವತ್ತು," ಎಂದ.

ಅಂಥ ಭುಜ ಊರಿನ ಇತಿಹಾಸದಲ್ಲೇ ಇರಲಿಲ್ಲ. ತಿಬೂರ್ಸಿಯೊನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕಾಗದ ಇಷ್ಟೊಂದು ಕೆಲಸ ಮಾಡುತ್ತದೆ ಎಂದು ಆತನಿಗೂ ಗೊತ್ತಿರಲಿಲ್ಲ.

"ಹೋದ ವರ್ಷ ನೂರ ನಲವತ್ತೈದು," ಎಂದು ಯಾರೋ ಪುಸ್ತಕ ನೋಡಿ ಹೇಳಿದರು. "ಐದು ಸೆಂಟಿಮೀಟರು ಬೆಳೆದಿದಾರೆ!"

"ಅರವತ್ತೇಳರಲ್ಲಿ ಯಾವನಾದ್ರೂ ಬೆಳೀತಾನೇನ್ರೀ?" ಎಂದು ಫೆರ್ಮಿನ್ ಗದರಿದ.

"ಹಾಗಾದ್ರೆ ನಿಮ್ಮ ಕೋಲು ಕುಗ್ಗಿದೆ," ಎಂದಳು ಮೇಣದಬತ್ತಿ ಮಾರುವ ದೋನ್ಯಾ ಬಾಲ್ಬಿನಾ.

ಇಲ್ಲಿ ನೀವು ನಮ್ಮೂರಿನ ನ್ಯಾಯವನ್ನು ಗಮನಿಸಬೇಕು. ಕೋಲು ಕುಗ್ಗಿದ್ದರೆ ಅದರಲ್ಲಿ ಅಳೆಸಿಕೊಂಡ ಐನೂರರುವತ್ತು ಗಂಡಸರೂ ತಾವು ಅಂದುಕೊಂಡದ್ದಕ್ಕಿಂತ ಗಿಡ್ಡ. ಇಲ್ಲದಿದ್ದರೆ ತಿಬೂರ್ಸಿಯೊ ನಿಜವಾಗಿ ಬೆಳೆದಿದ್ದಾನೆ. ಐನೂರರುವತ್ತು ಗಂಡಸರು ಒಂದು ಕ್ಷಣ ಯೋಚಿಸಿ ಒಟ್ಟಿಗೆ ಪವಾಡವನ್ನು ನಂಬಿಬಿಟ್ಟರು. ಫೆರ್ಮಿನ್ ಒಬ್ಬನೇ ಸಿಕ್ಕಿಹಾಕಿಕೊಂಡ. ಪವಾಡ ಸುಳ್ಳೆಂದರೆ ಅಜ್ಜನ ಕೋಲು ಸುಳ್ಳು. ಕೋಲು ನಿಜವೆಂದರೆ ತಿಬೂರ್ಸಿಯೊ ಸಂತ. ಎರಡರಲ್ಲಿ ಯಾವುದನ್ನು ನುಂಗಿದರೂ ಗಂಟಲಿಗೆ ಸಿಗುತ್ತಿತ್ತು.

ಒಂದು ವಾರದಲ್ಲಿ ಕ್ಷೌರದಂಗಡಿಯ ಮುಂದೆ ಸಾಲು. ಗಿಡ್ಡ ಮಕ್ಕಳ ತಾಯಂದಿರು ಬಂದು ಮಕ್ಕಳ ತಲೆಯನ್ನು ಆತನ ಭುಜಕ್ಕೆ ಉಜ್ಜಿಕೊಂಡು ಹೋದರು. ಮದುವೆಯಾಗದ ಒಬ್ಬ ಗಿಡ್ಡ ಮೇಷ್ಟ್ರು ದಿನಾ ಗಡ್ಡ ಮಾಡಿಸಿಕೊಳ್ಳಲು ಬಂದ. ದೋನ್ ತಿಬೂರ್ಸಿಯೊ ಏಳು ಸೆಂಟಿಮೀಟರು ಮೇಲಿನಿಂದ ಬಗ್ಗಿ ಬಗ್ಗಿ ಕತ್ತರಿಸುವಾಗ ಇಬ್ಬರ ಕಿವಿಗೆ ಗಾಯವಾಯಿತು. ಪವಾಡಪುರುಷ ಮಾಡಿದ ಗಾಯವೆಂದು ಅವರು ಪಟ್ಟಿ ಬಿಚ್ಚದೆ ತೋರಿಸಿಕೊಂಡು ತಿರುಗಿದರು.

ಫಾದರ್ ಅನ್ಸೆಲ್ಮೊ ಕರೆಸಿ ಕೇಳಿದರು: "ದೋನ್ ತಿಬೂರ್ಸಿಯೊ, ನಿಜ ಹೇಳಿ. ಏನಿದು?"

"ನಾನೇನೂ ಹೇಳಿಲ್ಲ ಫಾದರ್. ಎಲ್ಲ ಅವರೇ ಹೇಳ್ತಿದಾರೆ."

"ಅದೇ ನಂಗೂ ಭಯ," ಎಂದರು ಫಾದರ್.

ಭಯ ನನಗೂ ಇತ್ತು. ಫೆರ್ಮಿನ್ ನನ್ನ ಅಂಗಡಿಗೆ ಎರಡು ಸಲ ಬಂದ. ಕೈಯಲ್ಲಿ ಏನೂ ಆಗಿರದ ಚಪ್ಪಲಿ.

"ನೀಕೊ, ಆ ತಿಬೂರ್ಸಿಯೊಗೆ ಏನು ಹೊಲಿದುಕೊಟ್ಟೆ?"

"ಬೂಟು."

"ಎಂಥ ಬೂಟು?"

"ಎರಡು. ಒಂದು ಎಡದ್ದು, ಒಂದು ಬಲದ್ದು."

"ಆರನೇ ಕ್ಲಾಸಿಗೆ ಶಾಲೆ ಬಿಟ್ಟೋನು ಬಾಯಿ ಮಾತ್ರ ವಕೀಲಂದು," ಎಂದು ಬೈದು ಹೋದ. ಹೊಗಳಿಕೆ ಎಂದುಕೊಂಡೆ.

ಅಂದಿನಿಂದ ಆತ ತಿಬೂರ್ಸಿಯೊನ ಬರಿಗಾಲು ನೋಡಲು ಪಣ ತೊಟ್ಟ. ಅಂಗಡಿಯ ಮುಂದೆ ಕೈತಪ್ಪಿದ ಹಾಗೆ ಒಂದು ಕೊಡ ನೀರು ಚೆಲ್ಲಿದ. ತಿಬೂರ್ಸಿಯೊ ಬೂಟಿನ ಸಮೇತ ನೀರಲ್ಲಿ ನಿಂತು ಕತ್ತರಿಸುತ್ತಲೇ ಇದ್ದ. ಕೊನೆಗೆ ಗರಿಗಳ ಭಾನುವಾರದ ಹಿಂದಿನ ದಿನ, ಶುಭ ಶುಕ್ರವಾರಕ್ಕೆ ಆರು ದಿನ ಇರುವಾಗ, ಸಂಘದ ಸಭೆಯಲ್ಲಿ, ಫೆರ್ಮಿನ್ ಜೇನು ಸುರಿಯುವ ಧ್ವನಿಯಲ್ಲಿ ಎದ್ದು ನಿಂತ.

"ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೀತಾರಲ್ಲ, ಸ್ವಾಮಿಯ ಶಿಷ್ಯರ ಪಾತ್ರದಲ್ಲಿ ಕೂರೋ ಆ ಹನ್ನೆರಡು ಪ್ರೇಷಿತರಲ್ಲಿ ಈ ವರ್ಷ ನಮ್ಮ ದೋನ್ ತಿಬೂರ್ಸಿಯೊ ಇರಲೇಬೇಕು. ದೇವರೇ ಎತ್ತರಿಸಿದ ಮನುಷ್ಯ!"

ಚಪ್ಪಾಳೆಯೋ ಚಪ್ಪಾಳೆ. ನಮ್ಮಲ್ಲಿ ಪ್ರೇಷಿತರ ಬೂಟು ಬಿಚ್ಚಿ ನೀರು ಹೊಯ್ಯುವವನು ಸಂಘದ ಹಿರಿಯ. ಫಾದರ್ ಒರೆಸಿ ಮುತ್ತಿಡುತ್ತಾರೆ. ಅಂದರೆ ಬೂಟು ಬಿಚ್ಚುವವನು ಫೆರ್ಮಿನ್.

"ನಂಗೆ ಆ ದ್ರೋಹಿ ಯೂದನ ಪಾತ್ರ ಕೊಡಿ," ಎಂದ ತಿಬೂರ್ಸಿಯೊ ಬೆವರುತ್ತಾ. "ಅವನು ಮಧ್ಯದಲ್ಲೇ ಎದ್ದು ಹೋಗ್ತಾನಲ್ಲ."

"ಯೂದನ ಕಾಲನ್ನೂ ಸ್ವಾಮಿ ತೊಳೆದ," ಎಂದ ಫೆರ್ಮಿನ್, ಸಭೆಯ ಕಡೆ ತಿರುಗಿ.

ಬುಧವಾರ ತಿಬೂರ್ಸಿಯೊ ನನ್ನ ಅಂಗಡಿಗೆ ಬಂದು, ಬೆಂಡನ್ನು ಚರ್ಮದ ಬಣ್ಣ ಬಳಿದು ಪಾದಕ್ಕೇ ಅಂಟಿಸಲು ಬರುತ್ತದೆಯೇ ಎಂದು ಕೇಳಿದ. ನಾನು ಬೈದು ಕಳಿಸಿದೆ. ಆಮೇಲೆ ಸಂಕಟವಾಯಿತು.

ಗುರುವಾರ ಚರ್ಚು ಬಾಗಿಲಿನವರೆಗೆ ತುಂಬಿತ್ತು. ನಾನೂ ಪ್ರೇಷಿತನೇ. ಗಿಡ್ಡ ಎಂದು ನನಗೆ ಪ್ರತಿ ವರ್ಷ ಕಿರಿಯ ಯಕೋಬನ ಪಾತ್ರ. ತಿಬೂರ್ಸಿಯೊನ ಪಕ್ಕದಲ್ಲೇ ಕುಳಿತಿದ್ದೆ, ಆತನ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ಫೆರ್ಮಿನ್ ಒಬ್ಬೊಬ್ಬರದೇ ಬಲಗಾಲಿನ ಬೂಟು ಬಿಚ್ಚುತ್ತಾ ಬಂದ. ಆತ ತಿಬೂರ್ಸಿಯೊನ ಮುಂದೆ ಮಂಡಿಯೂರಿದಾಗ ಹಿಂದಿನ ಬೆಂಚಿನವರು ಬೆಂಚು ಹತ್ತಿದರು.

ಬೂಟು ಬಂತು. ಒಳಗೆ ಕೈ ಹಾಕಿದ. ಮೊದಲು ಉಣ್ಣೆಯ ಮೆತ್ತೆ ಬಂತು. ತಿಬೂರ್ಸಿಯೊ ಅದನ್ನು ನೋಡಿ ಬೆಚ್ಚಿಬಿದ್ದ. ಅದು ಆತನಿಗೂ ಹೊಸದು. ಆಮೇಲೆ ಕಾಗದ ಬಂತು. ಅಹಂಕಾರವನ್ನು ಬಿಡಿ ಎಂದು ಫಾದರ್ ಬರೆದು ಹಂಚಿದ್ದ ತಪಸ್ಸುಕಾಲದ ಸಂದೇಶ, ಇಪ್ಪತ್ತು ಪ್ರತಿ, ಮಡಚಿದ್ದು. ಕೊನೆಗೆ ನನ್ನ ಬೆಂಡು.

ಫೆರ್ಮಿನ್ ಬೆಂಡನ್ನು ಅಂಗೈಯಲ್ಲಿ ಮುಚ್ಚಿಕೊಂಡು ಪಿಸುಗುಟ್ಟಿದ. "ಸಿಕ್ಕಿಬಿದ್ದೆ ಕಣೋ."

ಹನ್ನೊಂದು ವರ್ಷದಲ್ಲಿ ಆತನ ಮುಖ ನೋಡಿ ಆಡಿದ ಮೊದಲ ಮಾತು.

"ಸಿಕ್ಕಿಬಿದ್ದೆ," ಎಂದ ತಿಬೂರ್ಸಿಯೊ. "ಊರಿಗೆಲ್ಲ ಹೇಳು, ಬೇಡ ಅನ್ನಲ್ಲ. ಶನಿವಾರ ಹೇಳು. ನಾಳೆ ಒಂದಿನ ಬಿಟ್ಟುಬಿಡು ಫೆರ್ಮಿನ್."

"ನಾಳೆ ಏನು?"

"ಅವಳು ಕಿಟಕೀಲಿ ಕೂತಿರ್ತಾಳೆ."

ಫೆರ್ಮಿನ್ ಕೈಯಲ್ಲಿದ್ದ ಪಾದವನ್ನು ನೋಡಿದ. ಆರು ವಾರ ಆ ಬೂಟಿನಲ್ಲಿ ಸಿಕ್ಕಿಕೊಂಡ ಪಾದ; ಹಿಮ್ಮಡಿಯಲ್ಲಿ ಗುಳ್ಳೆ ಒಡೆದು, ಬೆರಳುಗಳು ಕೆಂಪು ಮೂಲಂಗಿಯ ಹಾಗೆ ಊದಿದ್ದವು. "ಕತ್ತೆ," ಎಂದ, ಬಹಳ ಮೆಲ್ಲಗೆ. ಬೆಂಡು, ಕಾಗದ, ಮೆತ್ತೆ ಮೂರನ್ನೂ ತನ್ನ ನಿಲುವಂಗಿಯ ತೋಳಿನೊಳಗೆ ತುರುಕಿಕೊಂಡು ಹಿಂದಕ್ಕೆ ತಿರುಗಿ ಕೂಗಿದ: "ಈ ನೀರು ತಣ್ಣಗಿದೆ! ಬೆಚ್ಚನೆ ನೀರು ತನ್ನಿ!"

ನೀರು ಬಂತು. ಆತ ಗುಳ್ಳೆ ತಪ್ಪಿಸಿ ತಪ್ಪಿಸಿ ಹೊಯ್ದ.

ಇಷ್ಟಕ್ಕೆ ಮುಗಿದಿದ್ದರೆ ಗುಟ್ಟು ಗುಟ್ಟಾಗಿ ಉಳಿಯುತ್ತಿತ್ತು. ಆದರೆ ಪರಮಪ್ರಸಾದಕ್ಕೆ ಎದ್ದು ನಡೆಯುವಾಗ ದೋನ್ ತಿಬೂರ್ಸಿಯೊನ ಎಡಗಾಲು ಏಳು ಸೆಂಟಿಮೀಟರು ಎತ್ತರ, ಬಲಗಾಲು ಇದ್ದಷ್ಟೇ. ದೋಣಿಯಲ್ಲಿ ನಡೆಯುವವನ ಹಾಗೆ ಎರಡು ಹೆಜ್ಜೆ ಹೋಗಿ ನಿಂತ. ಬಗ್ಗಿ ಎಡಗಾಲಿನ ಬೂಟನ್ನೂ ಬಿಚ್ಚಿದ. ಪ್ರೇಷಿತನ ನಿಲುವಂಗಿಯ ಅಂಚು ನೆಲಕ್ಕೆ ಬಿತ್ತು.

"ಅಮ್ಮಂದಿರೇ, ಅಯ್ಯಂದಿರೇ, ನಾನು ಬೆಳೆದಿಲ್ಲ," ಎಂದ. "ಬೂಟಿನಲ್ಲಿ ಬೆಂಡಿತ್ತು. ಮೋಸ ಮಾಡಿದೆ. ನಾನು ನೂರ ನಲವತ್ಮೂರು."

ದೋನ್ಯಾ ಬಾಲ್ಬಿನಾ ಎದೆ ಬಡಿದುಕೊಂಡು ಕೂಗಿದಳು: "ದೇವರು ಎತ್ತಿದ, ದೇವರೇ ಇಳಿಸಿದ! ನೋಡ್ರಮ್ಮಾ ಆ ದೀನತೇನ!" ಅರ್ಧ ಚರ್ಚು ಮಂಡಿಯೂರಿತು. ಫಾದರ್ ಅನ್ಸೆಲ್ಮೊ ಪೀಠದ ಮೆಟ್ಟಿಲ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ನಮ್ಮೂರಿನವರಿಗೆ ಸುಳ್ಳನ್ನು ಬೇಕಾದರೆ ಒಮ್ಮೆ ಹೇಳಿದರೆ ಸಾಕು. ನಿಜವನ್ನು ಎಷ್ಟು ಸಲ ಹೇಳಿದರೂ ಸಾಲದು.

ಪೂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ಫೆರ್ಮಿನ್ ಕೋಲು ತರಿಸಿ ಬರಿಗಾಲಿನ ತಿಬೂರ್ಸಿಯೊನನ್ನು ಅಳೆದ. ಹಳೆಯ ಬೂಟಿಗೆ ಸೇರಿಸಬೇಕಾದಷ್ಟು ಸೇರಿಸಿದ. "ನೂರ ನಲವತ್ಮೂರು. ಐದನೇ ಸರದಿ."

ನನಗೆ ಉರಿದುಹೋಯಿತು. "ಕಾಲು ತೊಳೆದ ಕೈ ಒಣಗೋ ಮುಂಚೆ ಮತ್ತೆ ಕೋಲು ಹಿಡಿದ್ರಲ್ಲ! ಒಲೆಗೆ ಹಾಕಿ ಅದನ್ನ! ಎರಡು ಸೆಂಟಿಮೀಟರು ಬಿಟ್ಟಿದ್ರೆ ಸ್ವಾಮಿ ಕೆಳಗೆ ಬೀಳ್ತಿದ್ನಾ?"

"ಸ್ವಾಮಿ ಬೀಳಲ್ಲ. ತಿಬು ಪಕ್ಕದೋನ ಎಲುಬು ಮುರಿಯುತ್ತೆ," ಎಂದ ಫೆರ್ಮಿನ್. "ಅಳತೆ ಅಳತೆಯೇ." ತಿಬೂರ್ಸಿಯೊ ಬೂಟನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಮನೆ ಕಡೆ ಹೊರಟ. ಆತ ಮೂಲೆ ತಿರುಗುವವರೆಗೂ ನೋಡುತ್ತಿದ್ದು ಫೆರ್ಮಿನ್ ನನ್ನ ಕಡೆ ತಿರುಗಿದ.

"ನಾಳೆ ಬೆಳಿಗ್ಗೆ ನೀನೆಲ್ಲಿರ್ತೀಯ?"

"ಗಿಡ್ಡರು ಎಲ್ಲಿರ್ತಾರೋ ಅಲ್ಲಿ. ಮಧ್ಯಾಹ್ನದವರೆಗೆ ನಮಗೇನು ಕೆಲಸ?"

"ನಿನ್ನಂಥ ಇನ್ನಿಬ್ಬರು ಗಿಡ್ಡರನ್ನ ಕರ್ಕೊಂಡು ಒದೀಲಿಯಾ ಮನೆಗೆ ಬಾ."

ಶುಕ್ರವಾರ ಪಲ್ಲಕ್ಕಿ ಚರ್ಚಿನ ಬಾಗಿಲು ದಾಟಿತು. ಬೀದಿಯುದ್ದಕ್ಕೂ ಬಣ್ಣದ ಮರದಹೊಟ್ಟಿನ ರಂಗೋಲಿ, ಅದರ ಮೇಲೆ ಸ್ವಾಮಿಯನ್ನು ಹೊತ್ತವರು ಮಾತ್ರ ನಡೆಯಬೇಕು. ಮುಂದೆ ಬೆಳ್ಳಿಕಟ್ಟಿನ ದಂಡ ಹಿಡಿದು ಫೆರ್ಮಿನ್. ಇಪ್ಪತ್ತು ವರ್ಷದಿಂದ ಆತ ಆ ಜಾಗವನ್ನು, ಜ್ವರ ಬಂದರೂ, ಯಾರಿಗೂ ಬಿಟ್ಟವನಲ್ಲ. ಅಂದು ಎರಡನೇ ಮೂಲೆಯಲ್ಲಿ ದಂಡವನ್ನು ಪಕ್ಕದವನ ಕೈಗೆ ಕೊಟ್ಟು, "ಹಿಡ್ಕೊ," ಎಂದು ಹೇಳಿ ಸಂದಿಗೆ ನುಗ್ಗಿದ. ಹೊಟ್ಟೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು.

ನಾವು ಮೂವರು ಗಿಡ್ಡರು ದೋನ್ಯಾ ಒದೀಲಿಯಾಳ ಬಾಗಿಲಲ್ಲಿ ಕಾಯುತ್ತಿದ್ದೆವು. ಪಲ್ಲಕ್ಕಿ ಆಗಲೇ ಕಿಟಕಿ ದಾಟಿ ಹೋಗಿತ್ತು. ಆಕೆ ಕಣ್ಣೊರೆಸಿಕೊಂಡು ಕುಳಿತಿದ್ದಳು. ಫೆರ್ಮಿನ್ ಏದುಸಿರು ಬಿಡುತ್ತಾ ಒಳಗೆ ಬಂದ.

"ಕುರ್ಚಿ ಸಮೇತ ಎತ್ತಿ ಗಿರಣಿ ಹಿಂದಕ್ಕೆ ಕರ್ಕೊಂಡು ಹೋಗ್ತೀವಿ."

"ಹನ್ನೊಂದು ವರ್ಷ ಹೊಸಿಲು ತುಳಿದಿಲ್ಲ, ಬಂದವನೇ ನನ್ನ ಮೂಟೆ ಕಟ್ತೀಯೇನೋ?" ಬೆತ್ತ ಎದ್ದಿತು. "ಊರೆಲ್ಲ ನೋಡ್ಲಿ ಅಂತಾನಾ? ನಾನು ಬರಲ್ಲ."

"ನಿನಗೋಸ್ಕರ ಯಾವನು ಬಂದ ತಾಯಿ? ಅಲ್ಲಿ ಆ ಕತ್ತೆ ಗೋಡೆ ನೋಡ್ಕೊಂಡು ಹೊರ್ಬೇಕು."

ಬೆತ್ತ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು.

"ನನ್ನ ಕರಿ ಶಾಲು ಕೊಡಿ," ಎಂದಳು. "ಹರಿದದ್ದಲ್ಲ, ಒಳ್ಳೇದು."

ಕುರ್ಚಿಗೆ ಎರಡು ಬಿದಿರು ಕಟ್ಟಿ ನಾಲ್ವರು ಭುಜ ಕೊಟ್ಟೆವು. ಹತ್ತು ಹೆಜ್ಜೆ ಹೋಗುವುದರೊಳಗೆ ಮೇಲಿನಿಂದ ಕೂಗು ಬಂತು.

"ಫೆರ್ಮಿನ್! ನಿನ್ನ ಮೂಲೆ ಎತ್ತರ ಆಯ್ತು. ನಾನು ಜಾರ್ತಿದೀನಿ. ಮಂಡಿ ಬಗ್ಗಿಸು!"

ಮಂಡಿ ಬಗ್ಗಿಸಿದ. "ಇನ್ನೂ!" ಇನ್ನೂ ಬಗ್ಗಿಸಿದ. ಊರಿನ ಭುಜಗಳನ್ನೆಲ್ಲ ಅಳೆದ ದೋನ್ ಫೆರ್ಮಿನ್, ಹಬ್ಬದ ನಿಲುವಂಗಿಯಲ್ಲಿ, ಮೊಟ್ಟೆಯಿಡುವ ಕೋಳಿಯ ಹಾಗೆ ಕುಕ್ಕರಿಸಿಕೊಂಡು, ನಮ್ಮ ಹದಿನಾಲ್ಕನೇ ಸರದಿಯ ಮಟ್ಟದಲ್ಲಿ, ಎರಡು ಬೀದಿ ನಡೆದ. ರಂಗೋಲಿ ತುಳಿಯಬಾರದೆಂದು ಗೋಡೆಗೆ ಅಂಟಿಕೊಂಡು ಹೋಗಬೇಕಿತ್ತು. ಜನ ನಗುತ್ತಿದ್ದರು. ನಾನು ಜಗಳಕ್ಕೆ ನಿಲ್ಲಬೇಕೆಂದಿದ್ದೆ, ಆದರೆ ಫೆರ್ಮಿನ್ ಆ ಕಡೆ ನೋಡಲೇ ಇಲ್ಲ. ಆತನ ಬೆವರು ನನ್ನ ತೋಳಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಗಿರಣಿಯ ಗೋಡೆಗಿದ್ದ ಕಟ್ಟೆಯ ಮೇಲೆ ಆಕೆಯನ್ನು ಇಳಿಸುವುದಕ್ಕೂ ಐದನೇ ಸರದಿ ಮೂಲೆ ತಿರುಗುವುದಕ್ಕೂ ಸರಿಹೋಯಿತು. ಮುಂದಿನ ಸಾಲಿನ ಮೂಲೆಯಲ್ಲಿ ದೋನ್ ತಿಬೂರ್ಸಿಯೊ. ಕಣ್ಣು ನೆಲದಲ್ಲಿ. ಫೆರ್ಮಿನ್ ನೆಟ್ಟಗಾಗಲು ನೋಡಿದ, ಸೊಂಟ ಬಿಡಲಿಲ್ಲ. ಅರ್ಧ ಬಗ್ಗಿಕೊಂಡೇ ಬರಿಗೈ ಮೇಲೆತ್ತಿದ. ಬೀದಿಯ ನಡುವೆ ಪಲ್ಲಕ್ಕಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಲವತ್ತು ಜನ ನಿಂತರು.

ತಿಬೂರ್ಸಿಯೊ ತಲೆಯೆತ್ತಿದ. ಒಂದು ಮೊಳ ದೂರದಲ್ಲಿ ಹೆಂಡತಿ.

ಆತನ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹೊರಗೆ ಬಂದಿದ್ದವು, ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಆಕೆ ಬಹಳ ಹೊತ್ತು ನೋಡಿದಳು.

"ಇಪ್ಪತ್ತೆಂಟು ವರ್ಷ ಪಲ್ಲಕ್ಕಿ ಹಿಂದೆ ನಡ್ಕೊಂಡು ನಿನ್ನ ಕತ್ತು ನೋಡಿದೆ," ಎಂದಳು. "ಮೂರು ವರ್ಷ ಕಿಟಕಿಯಿಂದ ಟೋಪಿ ನೋಡಿದೆ. ಹೊರುವಾಗ ಇಂಥಾ ಮುಖ ಮಾಡ್ತೀಯೇನೋ? ಇದನ್ನಿಟ್ಕೊಂಡು ಊರ ಮುಂದೆ ಹೋಗ್ತಿದ್ಯಾ?"

ತಿಬೂರ್ಸಿಯೊಗೆ ನಗು ಬಂತೋ ಅಳು ಬಂತೋ, ಭುಜ ಅಲುಗಿತು. ಮೇಲೆ ಸ್ವಾಮಿಯೂ ಸ್ವಲ್ಪ ಅಲುಗಿದ. ಆಕೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ಒಳ್ಳೆಯ ಶಾಲಿನ ಸೆರಗಿನಿಂದ ಗಂಡನ ಹಣೆ, ಕಣ್ಣು, ಮೂಗು ಒಂದೊಂದಾಗಿ ಒರೆಸಿದಳು. ಬ್ಯಾಂಡಿನವರು ಯಾಕೋ ನಿಲ್ಲಿಸಿಬಿಟ್ಟಿದ್ದರು.

"ನಡಿ ಇನ್ನ," ಎಂದಳು. "ಮೂವತ್ತೊಂಬತ್ತು ಜನ ಕಾಯ್ತಿದಾರೆ. ಮೇಲೆ ಸ್ವಾಮಿನೂ."